ಜಾರುವ ಸ್ಕ್ರೂವಿನ ಜಾಣ್ಮೆ

ವಯಸ್ಸಾದವರು ಬಿದ್ದು ಸೊಂಟ ಮುರಿಯಿತೆಂದರೆ, ಸಾಮಾನ್ಯವಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಅದರ ಕತ್ತಿನ ಕೆಳಗಿನ ಮುರಿತವನ್ನು ಕೂಡಿಸುವ ಡೈನಮಿಕ್ ಹಿಪ್ ಸ್ಕ್ರೂ ನನ್ನ ಮೆಚ್ಚಿನ ಸಾಧನ. ಹಿಂದಿನ ಸಾಧನಗಳಲ್ಲಿ ಮೊಳೆಯೂ ಪ್ಲೇಟೂ ಅಲುಗಾಡದಂತೆ ಬೆಸೆದಿರುತ್ತಿದ್ದವು; ಮುರಿದ ಮೂಳೆ ಕುಸಿದರೆ ಮೊಳೆ ಅದರ ಗುಂಡುತಲೆಯನ್ನೇ ತೂರಿ ಕೀಲಿಗೆ ನುಗ್ಗುವ ಅಪಾಯವಿತ್ತು. ಈ ಸ್ಕ್ರೂ ಹಾಗಲ್ಲ. ತುದಿಯ ಸುರುಳಿ ಎಳೆಗಳು ಗುಂಡುತಲೆಯನ್ನು ಕಚ್ಚಿ ಹಿಡಿಯುತ್ತವೆ. ನುಣುಪಾದ ಹಿಂಭಾಗ ಪ್ಲೇಟಿನ ಕೊಳವೆಯೊಳಗೆ, ಹೆಚ್ಚಾಗಿ 135 ಡಿಗ್ರಿ ಕೋನದಲ್ಲಿ, ಜಾರುತ್ತದೆ. ರೋಗಿ ಕಾಲೂರಿದಾಗ ಮೈಭಾರವೇ ಮುರಿದ ತುಂಡುಗಳನ್ನು ಒತ್ತಿ ಕೂಡಿಸುತ್ತದೆ. ಎಲ್ಲ ಮುರಿತಕ್ಕೂ ಇದು ಒಗ್ಗದು. ತೊಡೆಮೂಳೆಯ ಹೊರಗೋಡೆ ಒಡೆದಿದ್ದರೆ ಮೂಳೆಯೊಳಗೆ ಇಳಿಸುವ ಸರಳೇ ಮೇಲು. ಆದರೂ ಹಾಸಿಗೆ ಹಿಡಿದು ಬೆನ್ನುಹುಣ್ಣು, ನ್ಯುಮೋನಿಯಾಗಳಿಗೆ ತುತ್ತಾಗಬಹುದಾಗಿದ್ದ ಎಷ್ಟೋ ಅಜ್ಜ ಅಜ್ಜಿಯರನ್ನು ಬೇಗನೆ ವಾಕರ್ ಹಿಡಿಸಿ ನಡೆಸಿದ ಹಿರಿಮೆ ಇದರದು.