ಮಗುವಿನ ದನಿಯೂ ಆಟಿಕೆಯ ಕಿವಿಯೂ

ದನಿಗೆ ಓಗೊಡುವ ಆಟಿಕೆಗಳಲ್ಲಿ ಮೊದಮೊದಲಿನದೆಂದು ಗಣಿಸಲ್ಪಡುವ ‘ರೇಡಿಯೋ ರೆಕ್ಸ್’ 1920ರ ದಶಕದಲ್ಲಿ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದಿತು. ಗೂಡಿನೊಳಗಿನ ನಾಯಿಯನ್ನು ವಿದ್ಯುತ್ಕಾಂತವು ಹಿಡಿದಿಡುತ್ತಿತ್ತು. ‘ರೆಕ್ಸ್’ ಎಂದು ಕೂಗಿದಾಗ ಎಕಾರದಲ್ಲಿರುವ ಸುಮಾರು 500 ಹರ್ಟ್ಸ್ ಕಂಪನದಿಂದ ವಿದ್ಯುತ್ಪ್ರವಾಹ ಕಡಿದು, ಸ್ಪ್ರಿಂಗು ನಾಯಿಯನ್ನು ಹೊರದೂಡುತ್ತಿತ್ತು. ಈ ಸರಳ ಯುಕ್ತಿ ಮೆಚ್ಚತಕ್ಕದ್ದೇ.

ಆದರೆ ಈ ಕಿವಿ ಯಾರ ದನಿಗೆ ಹೊಂದಿದ್ದಿತು? ಪೀಟರ್ಸನ್ ಮತ್ತು ಬಾರ್ನಿ ಎಂಬ ವಿದ್ವಾಂಸರು 1952ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಇಂಗ್ಲಿಷಿನ ಈ ಸ್ವರದ ಮೊದಲನೆಯ ಅನುರಣನವು ಗಂಡಸರಲ್ಲಿ ಸರಾಸರಿ 530, ಹೆಂಗಸರಲ್ಲಿ 610, ಮಕ್ಕಳಲ್ಲಿ 690 ಹರ್ಟ್ಸ್. ಗಂಟಲಿನಿಂದ ತುಟಿಯವರೆಗಿನ ನಾಳವು ಮಕ್ಕಳಲ್ಲಿ ಗಿಡ್ಡವಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಆದುದರಿಂದ ಮಗುವಿಗೆಂದು ಮಾಡಿದ ನಾಯಿ ತಂದೆಯ ಕರೆಗೆ ಸುಲಭವಾಗಿ ಹೊರಬರುವಂತಿದ್ದಿತು, ಮಗುವಿನ ಕರೆಗೆ ಅಲ್ಲ. ದೋಷವು ರಚನೆಯದು.

ಇಂದಿನ ಗಣಕಯುಕ್ತ ಆಟಿಕೆಗಳನ್ನೂ ಇದೇ ಒರೆಗೆ ಹಚ್ಚಬೇಕೆಂದು ನಮ್ಮ ಅಭಿಪ್ರಾಯ. ಧಾರವಾಡದ ಕೆಲಗೇರಿಯಲ್ಲಿ ಬೆಳೆಯುವ ಕೂಸು ‘ಹೊರಗೆ ಬಾ’ ಎನ್ನದೆ ‘ಹೊರಗ ಬಾ’ ಎಂದೀತು. ರಕಾರಕ್ಕೆ ನಾಲಗೆ ತಿರುಗದಿದ್ದರೆ ‘ಹೊಲಗ ಬಾ’ ಎಂದೀತು. ದೊಡ್ಡವರ ಗ್ರಾಂಥಿಕ ಕನ್ನಡವನ್ನಷ್ಟೇ ಕೇಳಿ ಪಳಗಿದ ಯಂತ್ರವು ಆಗ ಸುಮ್ಮನಿದ್ದರೆ, ತನ್ನ ಮನೆಮಾತೇ ಸರಿಯಲ್ಲವೆಂದು ಆ ಕೂಸು ತಿಳಿಯುವ ಅಪಾಯವುಂಟು.

ಆದಕಾರಣ ಆಟಿಕೆಯ ರಚಕರು ಮೊದಲು ಇಂತಹ ಊರುಗಳ ಮನೆಗಳಲ್ಲಿ, ಹಿರಿಯರ ಒಪ್ಪಿಗೆ ಪಡೆದು, ಮಕ್ಕಳ ಮಾತನ್ನು ಆಲಿಸಬೇಕು. ನಾಯಿಗೆ ಗೂಡು ಕಟ್ಟುವುದು ಆ ಬಳಿಕದ ಕೆಲಸ.