ಗೇರ್‌ಬಾಕ್ಸ್ ಬಿಚ್ಚುವ ಮುನ್ನ ಬೆಳಗಿನ ಓದು ನೋಡಿ

ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಸುತ್ತ ಲೋಡು ತುಂಬಿದ ಟ್ರ್ಯಾಕ್ಟರ್‌ಗಳ ಹಿಂದೆ ತೆವಳಲೇಬೇಕು. ಜಕ್ಕನಹಳ್ಳಿಯಲ್ಲಿ ತಿರುಗಿದರೆ ಮೇಲುಕೋಟೆಯ ಏರು. ಆಟೊಮ್ಯಾಟಿಕ್ ಕಾರಿಗೆ ನಮ್ಮ ಕಡೆ ಇದೇ ದೊಡ್ಡ ಪರೀಕ್ಷೆ. ಶ್ರೀರಂಗಪಟ್ಟಣದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ, ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗಿರುತ್ತದೆ. ತೆವಳುವಾಗ ಆ ಲಾಕ್ ಬಿಟ್ಟು, ಒಳಗಿನ ಆಯಿಲ್ ಕಡೆದು ಕಾಯುತ್ತದೆ.

ಆ ಕಾವನ್ನು ಅಳೆಯುವುದು ಥರ್ಮಿಸ್ಟರ್ ಎಂಬ ಪುಟ್ಟ ಸೆನ್ಸರ್. ಬಿಸಿ ಏರಿದಷ್ಟೂ ಅದರ ರೋಧ ಇಳಿಯುತ್ತದೆ. ಗೇರ್ ಯಾವಾಗ, ಎಷ್ಟು ಒತ್ತಡದಲ್ಲಿ ಬದಲಾಗಬೇಕು, ಕನ್ವರ್ಟರ್ ಯಾವಾಗ ಲಾಕ್ ಆಗಬೇಕು ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುವಾಗ ಇದರ ಲೆಕ್ಕವೂ ಸೇರುತ್ತದೆ. ಲೆಕ್ಕ ತಪ್ಪಿದರೆ ಗೇರ್ ಬೀಳುವಾಗ ಜರ್ಕ್, ಮೈಲೇಜ್ ಇಳಿಕೆ. ಕೆಲವು ಕಾರುಗಳು ಗೇರ್‌ಬಾಕ್ಸ್ ಕಾಪಾಡಲು ಓಟವನ್ನೇ ಮಿತಿಗೊಳಿಸುವ ಲಿಂಪ್ ಮೋಡ್‌ಗೂ ಹೋಗುತ್ತವೆ.

ಸ್ಕ್ಯಾನರ್‌ನಲ್ಲಿ ಈ ಸೆನ್ಸರ್‌ಗೆ ಸೇರಿದ ಪಿ0710ರಿಂದ ಪಿ0714ರವರೆಗಿನ ಕೋಡ್ ಕಂಡ ತಕ್ಷಣ ಸೆನ್ಸರ್ ತರಿಸಬೇಡಿ. ಕೋಡ್ ದೂರುವುದು ಇಡೀ ಸರ್ಕ್ಯೂಟನ್ನು: ಸೆನ್ಸರ್, ವೈರು, ಕಪ್ಲರ್ ಮೂರನ್ನೂ. ಪಿ0712 ಬಂದರೆ ಎಲ್ಲೋ ವೈರು ಅರ್ಥ್ ಆಗಿರಬಹುದು. ಆಯಿಲ್ ವಿಪರೀತ ಕಾದಂತೆ ತೋರುತ್ತದೆ. ಪಿ0713 ಬಂದರೆ ವೈರು ಕಟ್ ಆಗಿರಬಹುದು; ಓದು ಮೈನಸ್ 40 ಡಿಗ್ರಿ ಹತ್ತಿರ ನಿಲ್ಲುತ್ತದೆ. ನಾಗಮಂಗಲದ ಯಾವ ಚಳಿಗೂ ಅದು ಸಾಧ್ಯವಿಲ್ಲ. ಗದ್ದೆ ಬಯಲಿನ ಊರುಗಳಲ್ಲಿ ಇಲಿ ಕಡಿದ ವೈರನ್ನು ಮೊದಲು ಹುಡುಕುವುದೇ ಜಾಣತನ.

ನಾನು ಎಲ್ಲಕ್ಕಿಂತ ನಂಬುವುದು ಬೆಳಗಿನ ಓದನ್ನು. ರಾತ್ರಿಯಿಡೀ ನಿಂತ ಕಾರಿನ ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಗೇರ್ ಆಯಿಲ್, ಕೂಲಂಟ್, ಹೊರಗಾಳಿ ಮೂರರ ಉಷ್ಣತೆಯನ್ನು ಸ್ಕ್ಯಾನರ್‌ನಲ್ಲಿ ನೋಡಿ. ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಆಯಿಲ್ ಒಂದೇ ಬೇರೆ ಹೇಳಿದರೆ ಅನುಮಾನ ಗಟ್ಟಿ. ಆಮೇಲೆ ಓಡಿಸಿ ನೋಡಿ: ಓದು ನಿಧಾನವಾಗಿ, ನೆಗೆಯದೆ ಏರಬೇಕು.

ಮುಂದಿನದು ಕಪ್ಲರ್. ಬಿಚ್ಚಿ, ಒಳಗೆ ಆಯಿಲ್ ಜಿನುಗಿದೆಯೇ, ಪಿನ್ ಹಸಿರುಗಟ್ಟಿದೆಯೇ ನೋಡಿ. ವೈರಿಂಗ್ ನಕ್ಷೆ ಹಿಡಿದು ಸೆನ್ಸರ್‌ನ ಎರಡು ಪಿನ್‌ಗಳ ನಡುವಿನ ರೋಧವನ್ನು ಮಲ್ಟಿಮೀಟರ್‌ನಲ್ಲಿ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅಳೆದು ಕಂಪನಿಯ ಪಟ್ಟಿಗೆ ಹೋಲಿಸಿ. ಅನೇಕ ಕಾರುಗಳಲ್ಲಿ ಸೆನ್ಸರ್ ಇರುವುದು ಗೇರ್‌ಬಾಕ್ಸ್‌ನ ಒಳಗೆ. ಬದಲಿಸಲು ಆಯಿಲ್ ಇಳಿಸಿ ತಳದ ಆಯಿಲ್ ಚೇಂಬರ್ ಬಿಚ್ಚಬೇಕು. ಹೊರಗಿನ ವೈರು ಸರಿಯಿದೆ ಎಂದು ಖಾತ್ರಿಯಾಗದೆ ಅದಕ್ಕೆ ಕೈ ಹಾಕುವುದು ದುಂದು.

ಕೆಲವೊಮ್ಮೆ ಸೆನ್ಸರ್ ಹೇಳುವುದು ನಿಜವೇ. ಸಾಮಾನ್ಯ ಓಟದಲ್ಲಿ ಆಯಿಲ್ 80ರಿಂದ 100 ಡಿಗ್ರಿ ಆಸುಪಾಸಿನಲ್ಲಿರುತ್ತದೆ. 120 ದಾಟಿ ನಿಂತರೆ ಆಯಿಲ್ ಬೇಗ ಹಾಳಾಗುತ್ತದೆ, ಕ್ಲಚ್ ಪ್ಲೇಟುಗಳೂ ಸವೆಯುತ್ತವೆ. ಆಗ ನೋಡಬೇಕಾದದ್ದು ಆಯಿಲ್‌ನ ಮಟ್ಟ, ಬಣ್ಣ, ವಾಸನೆ ಮತ್ತು ಕೂಲರ್.

ಕೆ.ಆರ್.ಪೇಟೆಯ ಗ್ಯಾರೇಜಾಗಲಿ, ಮೈಸೂರಿನ ಶೋರೂಮಾಗಲಿ, ಚೇಂಬರ್ ಬಿಚ್ಚಲು ಒಪ್ಪುವ ಮೊದಲು ಬೆಳಗಿನ ಮೂರು ಓದು ಮತ್ತು ಕಪ್ಲರಿನ ಅಳತೆಯನ್ನು ಬರೆದುಕೊಡಿ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಅದನ್ನು ಖುಷಿಯಿಂದಲೇ ಕೊಡುತ್ತಾನೆ.