ಮುತ್ಯಾನ ಬಡಿಗಿ, ಅಜ್ಜನ ಕೋಲು

ಅಫಜಲಪುರ ತಾಲೂಕಿನ ಕರಜಗಿಯ ಓಣಿಯೊಂದರ ಕಟ್ಟೆಯ ಮೇಲೆ ಕುಳಿತು ಎರಡನೇ ಕ್ಲಾಸಿನ ಹುಡುಗನಿಗೆ ಸಿದ್ಧಯ್ಯ ಪುರಾಣಿಕರ ಒಂದು ಪದ್ಯ ಹೇಳಿಕೊಟ್ಟೆ. ಅಜ್ಜನ ಕೋಲನ್ನೇ ಕುದುರೆ ಮಾಡಿಕೊಂಡು ಕುಣಿಯುವ ಮಗುವಿನ ಪದ್ಯ ಅದು. ಹುಡುಗ ಪೂರ್ತಿ ಕೇಳಿ, “ಕೋಲು ಅಂದ್ರ ಬಡಿಗಿ ಏನ್ರೀ?” ಎಂದ. ಹೌದು ಅಂದದ್ದೇ ತಡ, ಒಳಗೆ ಓಡಿದ. ಬಾಗಿಲ ಸಂದಿಯಲ್ಲಿ ನಿಲ್ಲಿಸಿದ್ದ ಬಡಿಗಿಯನ್ನು ಕಾಲಸಂದಿ ಹಾಕಿಕೊಂಡು ಹೊರಗೆ ಬಂದ. “ಮುತ್ಯಾ, ನಿನ್ನ ಕುದುರಿ ಒಯ್ಯಾಕತ್ತೀನಿ!” ಪದ್ಯದ ಲಯ ಅವನ ಕಾಲಿಗೆ ಬಂದಿತ್ತು. ಪದ್ಯದ ಮಾತು ಮಾತ್ರ ಅವನ ಬಾಯಿಗೆ ಬರುವಷ್ಟರಲ್ಲಿ ಬದಲಾಗಿತ್ತು. ನಮ್ಮ ಕಡೆ ಮಕ್ಕಳಿಗೆ ಅಜ್ಜ ಅಂದರೆ ಮುತ್ಯಾ, ಕೋಲು ಅಂದರೆ ಬಡಿಗಿ.

ಪುರಾಣಿಕರ ಮಕ್ಕಳ ಕಾವ್ಯದ ಶಕ್ತಿಯೂ ಅದರ ಕೊರತೆಯೂ ಆ ಒಂದು ಗಳಿಗೆಯಲ್ಲಿ ನನಗೆ ಒಟ್ಟಿಗೇ ಕಂಡವು.

ಸಿದ್ಧಯ್ಯ ಪುರಾಣಿಕರು ಹುಟ್ಟಿದ್ದು 1918ರಲ್ಲಿ, ಈಗಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಉರ್ದು ಮಾಧ್ಯಮದ ಆ ವಿಶ್ವವಿದ್ಯಾಲಯದಲ್ಲೇ ಅವರು ಪದವಿ ಪಡೆದರು, ನಿಜಾಮ ಸರ್ಕಾರದಲ್ಲಿ ತಹಶೀಲ್ದಾರರಾದರು, ಮುಂದೆ ಐಎಎಸ್ ಅಧಿಕಾರಿಯಾಗಿ ಕೆಲಸ ಮಾಡಿದರು. ಓದು ಉರ್ದುವಿನಲ್ಲಿ, ಕಚೇರಿ ಕಾಗದ ಉರ್ದುವಿನಲ್ಲಿ, ಅವ್ವನ ಮಾತು ಮಾತ್ರ ಕನ್ನಡದಲ್ಲಿ ಎನ್ನುವಂಥ ಕಾಲ ಅದು. ಅಂಥ ಕಾಲದಲ್ಲಿ ಬೆಳೆದವರೊಬ್ಬರು ಕನ್ನಡದ ಮಕ್ಕಳಿಗೆ ಪದ್ಯ ಕಟ್ಟಲು ಕುಳಿತರೆ, ಅದನ್ನು ಬಿಡುವಿನ ವೇಳೆಯ ಹವ್ಯಾಸ ಎಂದು ತಳ್ಳಿಹಾಕಲಾಗದು. ಕಚೇರಿಯಲ್ಲಿ ಜಾಗ ಸಿಗದ ಭಾಷೆಗೆ ಅವರು ಅಂಗಳದಲ್ಲಿ ಜಾಗ ಮಾಡಿಕೊಟ್ಟರು. ಅವರ ಸಾರ್ವಜನಿಕ ಕೆಲಸಗಳಲ್ಲಿ ಇದನ್ನೇ ದೊಡ್ಡದೆಂದು ನಾನು ಎಣಿಸುತ್ತೇನೆ.

‘ತುಪ್ಪಾ ರೊಟ್ಟಿ ಗೇ ಗೇ ಗೇ’ ಎಂಬ ಅವರ ಸಂಕಲನದ ಹೆಸರನ್ನೇ ಬಾಯಿಬಿಟ್ಟು ಹೇಳಿ ನೋಡಿ. ಮೊದಲ ಎರಡು ಪದಕ್ಕೆ ಅರ್ಥವಿದೆ, ರುಚಿಯಿದೆ. ಉಳಿದ ಮೂರಕ್ಕೆ ಅರ್ಥವಿಲ್ಲ, ಬರೀ ತಾಳ. ಕರಜಗಿಯ ಯಾವ ಮನೆಯಲ್ಲಾದರೂ ಮುಂಜಾನೆ ಒಲೆಯ ಮುಂದೆ ಕುಳಿತರೆ ಈ ತಾಳ ಕೇಳಿಸುತ್ತದೆ. ಜೋಳದ ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಬಡಿಯುತ್ತ, ತಿರುಗಿಸುತ್ತ, ಮತ್ತೆ ಬಡಿಯುತ್ತ ಅವ್ವ ರೊಟ್ಟಿ ಅಗಲ ಮಾಡುತ್ತಾಳೆ. ಪಕ್ಕದಲ್ಲಿ ಕುಳಿತ ಕೂಸು ಆ ಸದ್ದಿಗೆ ತಲೆಯಾಡಿಸುತ್ತದೆ. ಪುರಾಣಿಕರ ಒಳ್ಳೆಯ ಪದ್ಯಗಳು ಅರ್ಥಕ್ಕಿಂತ ಮೊದಲು ಹೀಗೆ ಕೈಗೆ, ಕಾಲಿಗೆ, ಕತ್ತಿಗೆ ತಲುಪುತ್ತವೆ. ಬಡಿಗಿ ಏರಿ ಓಡಿದ ಹುಡುಗನಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ಅದೇ ಕವಿ ಹಿರಿಯರ ಕುರ್ಚಿಯಲ್ಲಿ ಕುಳಿತು ಮಾತನಾಡಿದಾಗ ಪದ್ಯದ ನಡಿಗೆ ಬಿಗಿಯಾಗುತ್ತದೆ. ‘ಮೊದಲು ಮಾನವನಾಗು’ ದೊಡ್ಡವರಿಗೆ ಹೇಳಿದ ದೊಡ್ಡ ಮಾತು. ಅದರ ನೈತಿಕ ತೂಕದ ಬಗ್ಗೆ ನನ್ನ ತಕರಾರಿಲ್ಲ. ಶಾಲೆಗಳಲ್ಲಿ ಅದನ್ನು ಎಳೆಯ ಮಕ್ಕಳಿಂದ ಬಾಯಿಪಾಠ ಮಾಡಿಸಿ ವಾರ್ಷಿಕೋತ್ಸವದಲ್ಲಿ ಹೇಳಿಸುವ ರೂಢಿಯ ಬಗ್ಗೆ ತಕರಾರಿದೆ. ಉಪದೇಶದ ಪದ್ಯ ವೇದಿಕೆ ಏರಿದಷ್ಟು ಸಲೀಸಾಗಿ ಕೋಲು ಕುದುರೆಯ ಪದ್ಯ ಏರುವುದಿಲ್ಲ. ಮಗುವಿನ ಕವಿಯನ್ನು ನಾವು ನೆನೆಯುವಾಗ ಅವರೊಳಗಿನ ಮಗುವನ್ನು ಬಿಟ್ಟು ಗುರುವನ್ನಷ್ಟೇ ಎತ್ತಿಕೊಂಡಿದ್ದೇವೆ.

ವೇದಿಕೆಯ ಮಾತು ಬಂತು. 1987ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪುರಾಣಿಕರೇ ಅಧ್ಯಕ್ಷರು. 2020ರ ಫೆಬ್ರುವರಿಯಲ್ಲಿ ಅದೇ ಊರಿಗೆ 85ನೇ ಸಮ್ಮೇಳನ ಬಂದಾಗ ಅಧ್ಯಕ್ಷರಾದವರು ಎಚ್.ಎಸ್. ವೆಂಕಟೇಶಮೂರ್ತಿ, ಅವರೂ ಮಕ್ಕಳಿಗೆ ಮನಸ್ಸಿಟ್ಟು ಬರೆದವರು. ಇನ್ನೂ ಹಿಂದೆ, ನಿಜಾಮರ ಕಾಲದ ರಾಯಚೂರಿನಲ್ಲಿ 1934ರ ಸಮ್ಮೇಳನಕ್ಕೆ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿದ್ದರು. ಮಕ್ಕಳ ಕವಿಗಳನ್ನು ಹಿರಿಯ ಪೀಠದಲ್ಲಿ ಕೂರಿಸಿ ಗೌರವಿಸುವುದರಲ್ಲಿ ನಮ್ಮ ಈ ಸೀಮೆ ಹಿಂದೆ ಬಿದ್ದಿಲ್ಲ. ಮೆರವಣಿಗೆ ಮುಗಿದ ಮೇಲೆ ಅವರ ಪುಸ್ತಕ ಹಳ್ಳಿಯ ಹುಡುಗಿಯ ಕೈಗೆ ಬಂತೇ ಎಂದು ಕೇಳಿದರೆ ಮಾತ್ರ ಉತ್ತರ ಕಷ್ಟ.

ಪಂಜೆಯವರ ಮಾದರಿ ಇಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಅವರು ಶಾಲಾ ಇನ್ಸ್‌ಪೆಕ್ಟರರಾಗಿದ್ದರು. ತಪಾಸಣೆಗೆ ಹೋಗುವ ಶಾಲೆಯೇ ಅವರ ಪದ್ಯಕ್ಕೂ ಕಥೆಗೂ ಅಂಗಳ. ಬರೆದದ್ದು ಅಚ್ಚಾಗಬೇಕು, ಮಕ್ಕಳಿಗೆ ಮುಟ್ಟಬೇಕು ಎಂದು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಬರಹಗಾರ, ಶಾಲೆ, ಅಚ್ಚಿನ ಮನೆ ಮೂರೂ ಒಂದೇ ದಾರಿಯಲ್ಲಿ ಸಿಕ್ಕವು. ಪುರಾಣಿಕರ ನೌಕರಿ ಅವರನ್ನು ಶಾಲೆಯ ಬಾಗಿಲಿಗೆ ಹಾಗೆ ದಿನವೂ ಒಯ್ಯಲಿಲ್ಲ. ಅದು ಅವರ ತಪ್ಪಲ್ಲ. ಆ ದಾರಿಯನ್ನು ಇಲ್ಲಿನವರೇ ಹಾಕಬೇಕಿತ್ತು.

ಹಾಕಿದವರು ಇಲ್ಲವೆಂದಲ್ಲ. ಯಾದಗಿರಿ ಜಿಲ್ಲೆಯ ಚಂದ್ರಕಾಂತ ಕರದಳ್ಳಿಯವರು ಮಕ್ಕಳ ಸಾಹಿತ್ಯವನ್ನೇ ಬದುಕಿನ ಕೆಲಸ ಮಾಡಿಕೊಂಡರು. ‘ಕಾಡು ಕನಸಿನ ಬೀದಿಗೆ’ ಕೃತಿಗೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಇನ್ನೊಂದು ನೆನಪು ಹೊಳೆ ದಾಟಿದರೆ ಸಿಗುತ್ತದೆ. ಭೀಮೆಯ ಆಚೆ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹೆಣ್ಣುಮಕ್ಕಳು ಬೀಸುವಾಗ ಹಾಡುವ ಹಾಡುಗಳನ್ನು ಕೇಳಿ ಬರೆದುಕೊಂಡರು. ಹಳ್ಳಿಯಲ್ಲೇ ಕುಳಿತು ಕನ್ನಡಕ್ಕೆ ‘ಗರತಿಯ ಹಾಡು’ ಕೊಟ್ಟರು. ಅವ್ವಂದಿರ ಹಾಡಿಗೆ ಆದ ಆ ಕೆಲಸ ಈ ದಂಡೆಯ ಮಕ್ಕಳ ಆಟದ ಹಾಡಿಗೆ ಆಗಬೇಕಿದೆ.

ಕರಜಗಿ ಹೋಬಳಿ ಊರು. ಮಹಾರಾಷ್ಟ್ರದ ಗಡಿ ಹತ್ತಿರ. ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ಉಸಿರಿನಲ್ಲಿ ಬರುತ್ತವೆ. ಇಲ್ಲಿನ ಮಗುವಿಗೆ ಪಠ್ಯಪುಸ್ತಕದ ಕನ್ನಡವೂ ಅರ್ಧ ಪರಭಾಷೆಯೇ. ಹಾಗಾಗಿ ಮುತ್ಯಾ, ಬಡಿಗಿ ಎಂಬ ಮಾತುಗಳೇ ಅಚ್ಚಾಗಿ ಬಂದ ಒಂದು ಪುಸ್ತಕ ಆ ಮಗುವಿನ ಕೈಗೆ ಸಿಕ್ಕರೆ, ಅದು ತನ್ನ ಮನೆಯ ಮಾತೂ ಬರೆಯಲು ತಕ್ಕದ್ದೇ ಎಂದು ನಂಬುತ್ತದೆ. ಪುರಾಣಿಕರು ನಮ್ಮ ಅಂಗಳದ ಲಯವನ್ನು ಅಚ್ಚಿಗೆ ತಂದರು, ಸೊಲ್ಲನ್ನು ಪೂರ್ತಿ ತರಲಿಲ್ಲ. ಅವರ ಮೇಲಿನ ಪ್ರೀತಿಯಿಂದಲೇ ಈ ಮಾತು ಹೇಳುತ್ತಿದ್ದೇನೆ.

2020ರ ಮಕ್ಕಳ ದಿನದಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುತ್ತಿದೆ. ಕಪಾಟಿದೆ, ಕಾರ್ಡಿದೆ. ವಾರಕ್ಕೊಂದು ಸಂಜೆ ಅಲ್ಲಿ ಕುಳಿತು ಓದಿ ಹೇಳುವ ಒಬ್ಬರು, ಮಕ್ಕಳು ತಿರುಗಿ ಹೇಳಿದ್ದನ್ನು ಬರೆದುಕೊಳ್ಳುವ ಇನ್ನೊಬ್ಬರು ಸಿಕ್ಕರೆ ಸಾಕು.

ಆ ಸಂಜೆ ಹುಡುಗ ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದ. ಮುತ್ಯಾ ಕಟ್ಟೆ ಹಿಡಿದುಕೊಂಡು ನಿಂತೇ ಇದ್ದ, ಬಡಿಗಿ ಇಲ್ಲದೆ ಹೆಜ್ಜೆ ಕಿತ್ತಿಡಲಾಗದೆ. “ಇನ್ನೊಮ್ಮಿ ಹೇಳ್ರೀ ಆ ಪದ್ಯ” ಎಂದ. ಕೇಳಿದ್ದು ಹುಡುಗನಲ್ಲ, ಮುತ್ಯಾ.